ಬಸಳೆ ಚಪ್ಪರಕ್ಕೆ ಬಂದ ಬಸವನಹುಳು

ಜೂನ್‌ನಲ್ಲಿ ಎರಡು ಒಳ್ಳೆಯ ಮಳೆ ಬಿದ್ದರೆ ಸಾಕು, ಕೈತೋಟ ಮಾಡುವವರ ಮುಖ ಅರಳುತ್ತದೆ. ಮೂರನೆಯ ದಿನ ಬೆಳಿಗ್ಗೆ ಅದೇ ಮುಖ ಬಾಡಿರುತ್ತದೆ. ಸಂಜೆ ನೆಟ್ಟ ಚೆಂಡುಹೂವಿನ ಸಸಿ ಬೆಳಗಾಗುವಷ್ಟರಲ್ಲಿ ಬರೀ ಕಡ್ಡಿ. ಬಸಳೆಯ ದಪ್ಪ ಎಲೆಗಳಲ್ಲಿ ಅಂಕುಡೊಂಕು ತೂತುಗಳು. ದಂಟಿನ ಬೀಜ ಸಾಲಾಗಿ ಮೊಳೆತಿತ್ತು, ಈಗ ಸಾಲಿನ ಅರ್ಧವೇ ಇಲ್ಲ. ತಿಂದವರು ಯಾರೆಂದು ಹುಡುಕಿದರೆ ಎಲೆಯ ಮೇಲೂ ಇಲ್ಲ, ಕೆಳಗೂ ಇಲ್ಲ.

ಇಂಥ ಹೊತ್ತಿನಲ್ಲಿ ಬಹಳ ಮಂದಿ ಮಾಡುವ ಮೊದಲ ಕೆಲಸ ಅಂಗಡಿಗೆ ಹೋಗಿ ಯಾವುದಾದರೊಂದು ಕೀಟನಾಶಕ ತಂದು ಸಿಂಪಡಿಸುವುದು. ದುಡ್ಡು ದಂಡ. ಬಸವನಹುಳು ಕೀಟವೇ ಅಲ್ಲ. ಕಪ್ಪೆಚಿಪ್ಪು, ಆಕ್ಟೋಪಸ್‌ಗಳ ಬಳಗಕ್ಕೆ ಸೇರಿದ ಮೃದ್ವಂಗಿ ಅದು. ಕೀಟಕ್ಕೆಂದು ಮಾಡಿದ ಔಷಧಿಗಳಲ್ಲಿ ಹೆಚ್ಚಿನವು ಅದಕ್ಕೆ ತಾಗುವುದಿಲ್ಲ. ಆದ್ದರಿಂದ ತಿಂದದ್ದು ಯಾರೆಂದು ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಎಲೆ ತಿನ್ನುವ ಕಂಬಳಿಹುಳು ಗಿಡದ ಮೇಲೋ ಬುಡದಲ್ಲೋ ಕಪ್ಪು ಹಿಕ್ಕೆ ಉದುರಿಸಿರುತ್ತದೆ. ಮಿಡತೆ ಸಾಮಾನ್ಯವಾಗಿ ಎಲೆಯ ಅಂಚಿನಿಂದ ಕಡಿದುಕೊಂಡು ಬರುತ್ತದೆ. ಬಸವನಹುಳು ಬಂದುಹೋದ ಜಾಗದಲ್ಲಿ ಒಣಗಿದ ಲೋಳೆಯ ಗೆರೆ ಇರುತ್ತದೆ. ಬೆಳಗಿನ ಓರೆ ಬಿಸಿಲಿನಲ್ಲಿ ಕುಂಡದ ಅಂಚು, ಕಾಂಪೌಂಡು, ಚಪ್ಪಡಿ ಕಲ್ಲು ಇವುಗಳನ್ನು ಸ್ವಲ್ಪ ಬಗ್ಗಿ ನೋಡಿದರೆ ಬೆಳ್ಳಗೆ ಹೊಳೆಯುವ ಆ ಗೆರೆ ಸಿಕ್ಕೇ ಸಿಗುತ್ತದೆ. ಗೆರೆ ಹಿಡಿದು ಹೋದರೆ ಅದು ಅಡಗಿದ ಜಾಗವೂ ಸಿಗುತ್ತದೆ.

ರಾತ್ರಿ ಒಂಬತ್ತು ಗಂಟೆಯ ಮೇಲೆ ಟಾರ್ಚ್ ಹಿಡಿದು ಹೋದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ತಲೆಯ ಮೇಲೆ ಎರಡು ಜೊತೆ ಕೊಂಬು. ಉದ್ದದ ಜೋಡಿಯ ತುದಿಯಲ್ಲಿ ಚುಕ್ಕೆಯಂಥ ಕಣ್ಣು, ಗಿಡ್ಡ ಜೋಡಿಯಲ್ಲಿ ವಾಸನೆ ಮತ್ತು ಸ್ಪರ್ಶ. ಕಣ್ಣಿಗೆ ಬೆಳಕು ಕತ್ತಲೆಯ ವ್ಯತ್ಯಾಸಕ್ಕಿಂತ ಹೆಚ್ಚೇನೂ ತಿಳಿಯದು, ಊಟ ಹುಡುಕುವುದೆಲ್ಲ ವಾಸನೆಯಿಂದಲೇ. ಬಾಯೊಳಗೆ ಸಾವಿರಾರು ಅತಿಸೂಕ್ಷ್ಮ ಹಲ್ಲುಗಳಿರುವ ಒಂದು ಪಟ್ಟಿ ಇದೆ. ಆ ಪಟ್ಟಿಯನ್ನು ಹಿಂದೆ ಮುಂದೆ ಆಡಿಸುತ್ತ ಎಲೆಯನ್ನು ಕಚ್ಚುವ ಬದಲು ಕೆರೆಯುತ್ತದೆ. ಎಲೆಯ ನಡುವೆಯೇ ತೂತು ಬೀಳಲು ಇದೇ ಕಾರಣ. ಮೈಯೆಲ್ಲ ನೀರು, ಮೇಲೆ ಗಟ್ಟಿ ಚರ್ಮವಿಲ್ಲ. ಬಿಸಿಲಿಗೆ ಬಂದರೆ ಒಣಗಿ ಸಾಯುವ ಈ ಪ್ರಾಣಿಯ ಬದುಕೆಲ್ಲ ತೇವ ಮತ್ತು ನೆರಳಿನ ಲೆಕ್ಕಾಚಾರ. ತೋಟದವರು ಈ ಲೆಕ್ಕ ಅರ್ಥಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ನಮ್ಮ ತೋಟಗಳಲ್ಲಿ ಕಾಟ ಕೊಡುವವರು ಮುಖ್ಯವಾಗಿ ಇಬ್ಬರು. ಒಂದು, ಚಿಪ್ಪಿಲ್ಲದ ಸ್ಲಗ್. ಕುಂಡ ಎತ್ತಿದಾಗ ತಳಕ್ಕೆ ಅಂಟಿಕೊಂಡಿರುವ, ಕಪ್ಪು ಅಥವಾ ಕಂದು ಬಣ್ಣದ, ಚಪ್ಪಟೆಯಾದ ತೊಗಲಿನ ತುಂಡಿನಂಥದ್ದು ಅದೇ. ಇನ್ನೊಂದು, ಶಂಖದ ಹುಳು ಎಂದು ಜನ ಕರೆಯುವ ಆಫ್ರಿಕದ ದೈತ್ಯ ಬಸವನಹುಳು. ಕಂದು ಪಟ್ಟೆಗಳ ಶಂಕುವಿನಾಕಾರದ ಚಿಪ್ಪು, ಬೆಳೆದರೆ ಅಂಗೈ ತುಂಬುತ್ತದೆ. ಐನೂರು ಬಗೆಯ ಗಿಡ ತಿನ್ನುವ ಇದಕ್ಕೆ ಪಪ್ಪಾಯಿ ಸಸಿ, ಬೀನ್ಸ್, ಬದನೆ, ಎಲೆಕೋಸು, ಬಾಳೆಯ ಕಂದು, ಡೇಲಿಯಾ ಯಾವುದೂ ವರ್ಜ್ಯವಲ್ಲ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದಕ್ಕೂ ಜಾಗ ಸಿಕ್ಕಿದೆ.

ಪೂರ್ವ ಆಫ್ರಿಕದ ಈ ಹುಳು ನಮ್ಮ ಅಂಗಳಕ್ಕೆ ತಾನಾಗಿ ಬರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ವಿಲಿಯಂ ಬೆನ್ಸನ್‌ಗೆ ಚಿಪ್ಪುಜೀವಿಗಳ ಹುಚ್ಚು. 1847ರಲ್ಲಿ ಆತ ಮಾರಿಷಸ್‌ನಿಂದ ತಂದ ಹುಳುಗಳು ಕಲ್ಕತ್ತೆಯ ಚೌರಂಗಿಯ ತೋಟವೊಂದನ್ನು ಸೇರಿದವು. ಅಲ್ಲಿಂದ ಗಿಡ, ಮಣ್ಣು, ಮರಮಟ್ಟುಗಳ ಜೊತೆ ಪ್ರಯಾಣ ಮಾಡುತ್ತ ದೇಶವನ್ನೆಲ್ಲ ಸುತ್ತಿದವು. ಈಚಿನ ವರ್ಷಗಳಲ್ಲಿ ಕೊಡಗಿನ ಶನಿವಾರಸಂತೆ ಸುತ್ತಲಿನ ಕಾಫಿ ತೋಟಗಳಲ್ಲಿ ಮಳೆಗಾಲ ಬಂತೆಂದರೆ ಕಾರ್ಮಿಕರು ಗಿಡಗಳಿಂದ ಇವನ್ನು ಹೆಕ್ಕಿ ಚೀಲ ತುಂಬಬೇಕಾದ ಸ್ಥಿತಿ ಬಂದಿದೆ. ಬೆಂಗಳೂರಿನಲ್ಲೂ ಕಾಂಪೌಂಡು ಗೋಡೆಗೆ ಸಾಲಾಗಿ ಅಂಟಿಕೊಂಡ ಚಿಪ್ಪುಗಳನ್ನು ನೋಡದ ಬಡಾವಣೆ ಕಡಿಮೆ. ಗೋಡೆಗೇ ಯಾಕೆ ಅಂಟಿಕೊಳ್ಳುತ್ತವೆ? ಚಿಪ್ಪು ಬೆಳೆಯಲು ಸುಣ್ಣದ ಅಂಶ ಬೇಕು. ಅದಕ್ಕಾಗಿ ಗೋಡೆಗೆ ಬಳಿದ ಸುಣ್ಣವನ್ನೂ ಗಾರೆಯನ್ನೂ ಕೆರೆದು ತಿನ್ನುತ್ತವೆ.

ಇವುಗಳಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ, ಪ್ರತಿಯೊಂದರಲ್ಲೂ ಎರಡೂ ಅಂಗಗಳಿರುತ್ತವೆ. ಕೂಡಿದ ಮೇಲೆ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಕಾಪಿಟ್ಟುಕೊಂಡು ಬೇಕಾದಾಗ ಮೊಟ್ಟೆ ಇಡಬಲ್ಲವು. ಒಂದು ಸಲಕ್ಕೆ 100ರಿಂದ 400 ಮೊಟ್ಟೆ, ವರ್ಷಕ್ಕೆ ಹಲವು ಸಲ. ಅಮೆರಿಕದ ಮಿಯಾಮಿಯಲ್ಲಿ 1966ರಲ್ಲಿ ಏನಾಯಿತೆಂದರೆ, ಹವಾಯಿ ಪ್ರವಾಸ ಮುಗಿಸಿ ಬಂದ ಒಬ್ಬ ಹುಡುಗ ಮೂರು ಹುಳು ತಂದ. ಸಾಕುವುದು ಬೇಡವೆಂದು ಅವನ ಅಜ್ಜಿ ಹಿತ್ತಲಿಗೆ ಬಿಟ್ಟರು. ಏಳು ವರ್ಷದಲ್ಲಿ ಅವು 18,000 ದಾಟಿದ್ದವು. ಪೂರ್ತಿ ತೊಲಗಿಸಲು ಸರ್ಕಾರಕ್ಕೆ ಹತ್ತಿರ ಹತ್ತಿರ ಹತ್ತು ವರ್ಷ ಮತ್ತು ಹತ್ತು ಲಕ್ಷ ಡಾಲರ್ ಹಿಡಿಯಿತು. 2011ರಲ್ಲಿ ಅದೇ ಊರಲ್ಲಿ ಹುಳು ಮತ್ತೆ ಕಾಣಿಸಿಕೊಂಡಿತು. ಈ ಸಲ ವಾಸನೆ ಹಿಡಿಯಲು ತರಬೇತಿ ಪಡೆದ ಲ್ಯಾಬ್ರಡಾರ್ ನಾಯಿಗಳನ್ನೂ ಇಳಿಸಿದರು. ತೊಲಗಿತೆಂದು ಘೋಷಿಸಿದ್ದು 2021ರಲ್ಲಿ.

ಕೈತೋಟದವರಿಗೆ ಇಷ್ಟು ದೊಡ್ಡ ಸೈನ್ಯ ಬೇಕಿಲ್ಲ. ಆದರೆ ಬಿಟ್ಟಿ ಸಲಹೆಗಳಿಂದ ಪಾರಾಗುವುದು ಕಷ್ಟ.

“ಮೊಟ್ಟೆ ಸಿಪ್ಪೆ ಪುಡಿ ಮಾಡಿ ಗಿಡದ ಸುತ್ತ ಹಾಕಿ ಅಕ್ಕ, ಚುಚ್ಚುತ್ತೆ, ದಾಟಲ್ಲ” ಎನ್ನುವುದು ಅಂಥ ಸಲಹೆಗಳಲ್ಲಿ ಮೊದಲನೆಯದು. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಇದನ್ನು ಪರೀಕ್ಷೆಗೇ ಒಡ್ಡಿತು. ಒಟ್ಟು 108 ಲೆಟಿಸ್ ಗಿಡ ಬೆಳೆಸಿ, ಕೆಲವಕ್ಕೆ ತಾಮ್ರದ ಪಟ್ಟಿ ಸುತ್ತಿ, ಕೆಲವಕ್ಕೆ ಮೊಟ್ಟೆ ಸಿಪ್ಪೆ, ಇನ್ನು ಕೆಲವಕ್ಕೆ ಹರಳು ಮರಳು, ಪೈನ್ ತೊಗಟೆ, ಉಣ್ಣೆಯ ಗುಳಿಗೆ ಹಾಕಿ ನೋಡಿತು. ಕೆಲವಕ್ಕೆ ಏನೂ ಹಾಕಲಿಲ್ಲ. 2018ರಲ್ಲಿ ಹೊರಬಂದ ಫಲಿತಾಂಶ ಚುಟುಕಾಗಿತ್ತು: ತಡೆ ಇದ್ದ ಗಿಡಗಳನ್ನೂ ಇಲ್ಲದ ಗಿಡಗಳನ್ನೂ ಹುಳು ಒಂದೇ ಸಮ ತಿಂದಿತ್ತು. ಒರಟು ನೆಲದ ಮೇಲೂ ತಾನೇ ಲೋಳೆ ಹಾಸಿಕೊಂಡು ಹೋಗುವ ಪ್ರಾಣಿಗೆ ಸಿಪ್ಪೆಯ ಚೂರು ಯಾವ ಲೆಕ್ಕ? ಸುಣ್ಣಕ್ಕಾಗಿ ಗೋಡೆ ಕೆರೆಯುವ ಶಂಖದ ಹುಳುವಿಗಂತೂ ಮೊಟ್ಟೆ ಸಿಪ್ಪೆ ಎಂದರೆ ಕುಳಿತಲ್ಲಿಗೇ ಬಂದ ಟಾನಿಕ್.

ಕಾಫಿ ಚರಟದ ಕಥೆ ಸ್ವಲ್ಪ ಬೇರೆ. ಅದರ ಹಿಂದೆ ನಿಜವಾದ ವಿಜ್ಞಾನವೇ ಇದೆ, ಆದರೆ ಅರ್ಧಂಬರ್ಧ. ಹವಾಯಿಯಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಕಪ್ಪೆಗಳ ಹಾವಳಿ ತಡೆಯಲು ಕೆಫೀನ್ ದ್ರಾವಣ ಸಿಂಪಡಿಸಿ ನೋಡುತ್ತಿದ್ದಾಗ ಕುಂಡಗಳಲ್ಲಿದ್ದ ಸ್ಲಗ್‌ಗಳು ಸತ್ತದ್ದು ಕಣ್ಣಿಗೆ ಬಿತ್ತು. ಶೇಕಡ 1ರಿಂದ 2ರಷ್ಟು ಕೆಫೀನ್ ಇದ್ದರೆ ಅವು ಬದುಕುವುದಿಲ್ಲ ಎಂದು ಅವರು 2002ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ನಾವು ಕುಡಿಯುವ ಕಾಫಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇರುವುದು ಕಷ್ಟ. ಸೋಸಿ ಉಳಿದ ಚರಟದಲ್ಲಿ ಇನ್ನೆಷ್ಟು ಉಳಿದೀತು? ಚರಟ ಕಾಂಪೋಸ್ಟಿಗೆ ಹೋಗಲಿ, ಒಳ್ಳೆಯ ಗೊಬ್ಬರವಾಗುತ್ತದೆ. ಹುಳು ಕಾಯುವ ಕೆಲಸಕ್ಕೆ ಅದು ಬೇಡ.

ಉಪ್ಪು ಮಾತ್ರ ಕೊಲ್ಲುತ್ತದೆ, ಅನುಮಾನವಿಲ್ಲ. ಮೈಯೊಳಗಿನ ನೀರನ್ನೆಲ್ಲ ಹೊರಗೆಳೆದು ಕೊಲ್ಲುತ್ತದೆ. ಆದರೆ ಅದು ಬಕೆಟ್ಟಿನಲ್ಲಿರಬೇಕು, ಮಣ್ಣಿಗೆ ಬೀಳಬಾರದು. ಮಳೆಗಾಲದಲ್ಲಿ ಗಿಡದ ಬುಡಕ್ಕೆ ದಿನಾ ಉಪ್ಪು ಎರಚಿದರೆ ಹುಳು ಹೋಗುವ ಮೊದಲು ಗಿಡವೇ ಹೋಗುತ್ತದೆ. ಬೂದಿ ಒಣಗಿರುವಷ್ಟು ಹೊತ್ತು ತಡೆಯುತ್ತದೆ, ಒಂದು ಹನಿ ಮಳೆ ಬಿದ್ದರೆ ಮುಗಿಯಿತು. ಮಲೆನಾಡಿನಲ್ಲಿ ಜುಲೈ ತಿಂಗಳಲ್ಲಿ ಬೂದಿ ಒಣಗಿರುವ ಜಾಗ ಯಾವುದು ಎಂದು ಯಾರೂ ಹೇಳುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಕೈಯಿಂದ ಹೆಕ್ಕಬೇಕು. ಕೇಳಲು ಸಪ್ಪೆ ಎನಿಸಿದರೂ ಮನೆಯ ತೋಟಕ್ಕೆ ಇದಕ್ಕಿಂತ ಪರಿಣಾಮಕಾರಿ ಉಪಾಯ ಇಲ್ಲ. ತೋಟ ಚಿಕ್ಕದು, ಹುಳು ನಿಧಾನ, ಎರಡೂ ನಮಗೆ ಅನುಕೂಲವೇ. ಅಲೆಮಾರಿಯಾಗಿ ಹುಡುಕುವ ಬದಲು ಅವನ್ನೇ ಒಂದೆಡೆಗೆ ಕರೆಸಿಕೊಳ್ಳುವುದು ಜಾಣತನ. ಹಳೆಯ ಗೋಣಿಚೀಲ ನೀರಿನಲ್ಲಿ ಅದ್ದಿ ಹಿಂಡಿ, ಸಂಜೆ ತೋಟದ ನೆರಳಿನ ಮೂಲೆಯಲ್ಲಿ ಹಾಸಿ. ಅಡಿಗೆ ಪಪ್ಪಾಯಿ ಎಲೆಯೋ, ಎಲೆಕೋಸಿನ ಹೊರ ಸಿಪ್ಪೆಯೋ, ಚೆಂಡುಹೂವಿನ ಎಲೆಯೋ ಇಟ್ಟಿರಿ. ರಾತ್ರಿಯೆಲ್ಲ ತಿಂದ ಹುಳುಗಳು ಬೆಳಕು ಹರಿಯುವಾಗ ಅಲ್ಲೇ ಮಲಗುತ್ತವೆ. ಬಿಸಿಲೇರುವ ಮುನ್ನ ಗೋಣಿ ಎತ್ತಿ ನೋಡಿದರೆ ಚಿಕ್ಕದು ದೊಡ್ಡದು ಎಲ್ಲ ಸಿಗುತ್ತವೆ. ಕೈಗವಸು ಹಾಕಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ ಹೆಕ್ಕಿ, ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕುವುದು. ಲೀಟರಿಗೆ ಎರಡು ಹಿಡಿ ಕಲ್ಲುಪ್ಪು ಧಾರಾಳ ಸಾಕು. ಸತ್ತವನ್ನು ಆಳವಾದ ಗುಂಡಿಯಲ್ಲಿ ಸುಣ್ಣದ ಪುಡಿ ಉದುರಿಸಿ ಮುಚ್ಚಬೇಕು. ಕಾಲಿನಿಂದ ತುಳಿದು ಅಲ್ಲೇ ಬಿಟ್ಟರೆ ಬೆಳಗಾಗುವುದರೊಳಗೆ ನೊಣದ ಹಬ್ಬ.

ವಾಸನೆಯ ಆಸೆಗೆ ಬೀಳುವುದು ಇವುಗಳ ದೌರ್ಬಲ್ಯ. ಹುದುಗಿದ ವಾಸನೆಯೆಂದರೆ ಇನ್ನಷ್ಟು. ಪಾಶ್ಚಾತ್ಯ ತೋಟಗಳಲ್ಲಿ ಬಟ್ಟಲಲ್ಲಿ ಬಿಯರ್ ಇಡುವ ಪದ್ಧತಿ ಬಂದದ್ದು ಇದರಿಂದಲೇ. ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದವರು ಮತ್ತಿತರ ಸಂಶೋಧಕರು ಹಿಟ್ಟು, ನೀರು, ಯೀಸ್ಟ್ ಕಲಸಿದ ಬ್ರೆಡ್ಡಿನ ಹಿಟ್ಟನ್ನು ಇಟ್ಟು ನೋಡಿದಾಗ ಬಗೆಬಗೆಯ ಸ್ಲಗ್ ಮತ್ತು ಬಸವನಹುಳುಗಳು ಅದಕ್ಕೆ ಮುತ್ತಿಕೊಂಡವು. ನಮ್ಮ ಮನೆಗಳಲ್ಲಿ ಬಿಯರ್ ತಂದು ಹುಳುವಿಗೆ ಕುಡಿಸುವುದಕ್ಕಿಂತ ಒಂದು ಚಮಚ ಯೀಸ್ಟ್ ಕಲಸುವುದು ಅಗ್ಗ, ಮನೆಮಂದಿಗೆ ವಿವರಿಸುವುದೂ ಸುಲಭ. ಹುಳಿ ಬಂದ ದೋಸೆಹಿಟ್ಟಿನ ತಳ ಉಳಿದಿದ್ದರೆ ಅದನ್ನೂ ಒಂದು ರಾತ್ರಿ ಇಟ್ಟು ನೋಡಲು ಅಡ್ಡಿಯಿಲ್ಲ.

ಹೆಕ್ಕುವುದಕ್ಕೂ ಒಂದು ಕಾಲ ಇದೆ, ಅದು ಹೆಚ್ಚಿನವರಿಗೆ ತಪ್ಪಿಹೋಗುತ್ತದೆ. ಬೇಸಿಗೆಯಲ್ಲಿ ಶಂಖದ ಹುಳು ಚಿಪ್ಪಿನ ಬಾಯಿಗೆ ಬಿಳಿಯ ಗಟ್ಟಿ ಪೊರೆ ಕಟ್ಟಿಕೊಂಡು, ಕಲ್ಲಿನ ಸಂದಿ, ಇಟ್ಟಿಗೆ ರಾಶಿ, ಒಣ ಎಲೆಗಳ ಅಡಿ ಅಲ್ಲಾಡದೆ ನಿದ್ದೆ ಹೋಗುತ್ತದೆ. ತಿಂಗಳುಗಟ್ಟಲೆ ಹಾಗೇ ಇರಬಲ್ಲದು. ಏಪ್ರಿಲ್‌ನಲ್ಲಿ ಹಿತ್ತಲ ಮೂಲೆಯ ಹಳೆ ಸಾಮಾನು, ಒಡೆದ ಕುಂಡ, ಇಟ್ಟಿಗೆ ತೆಗೆದು ಗುಡಿಸಿದರೆ ಮಳೆಗಾಲದಲ್ಲಿ ಸಾವಿರ ಮರಿ ಹಾಕಬಹುದಾದ ತಾಯಂದಿರು ಒಟ್ಟಿಗೆ ಕೈಗೆ ಸಿಗುತ್ತಾರೆ. ಮೇ ತಿಂಗಳ ಮೊದಲ ಮಳೆಗೆ ಅವು ಎಚ್ಚರಗೊಂಡು ಮೊದಲು ಮಾಡುವ ಕೆಲಸಗಳಲ್ಲಿ ಮೊಟ್ಟೆ ಇಡುವುದೂ ಒಂದು. ಕುಂಡದ ಕೆಳಗಿನ ಅಥವಾ ಬುಡದ ಸಡಿಲ ಮಣ್ಣನ್ನು ಬೆರಳಿನಿಂದ ಕೆದಕಿದಾಗ ನೆನೆಸಿಟ್ಟ ಸಾಬೂದಾನಿಯಂಥ ಗುಂಡನೆಯ ತಿಳಿಹಳದಿ ಕಾಳುಗಳ ಗುಂಪು ಸಿಕ್ಕಿದರೆ ಅದೇ ಮೊಟ್ಟೆ. ಒಂದು ಲೋಟ ಕುದಿನೀರು ಸಾಕು.

ನೀರು ಹಾಕುವ ಹೊತ್ತು ಬದಲಿಸುವುದರಿಂದಲೂ ಲಾಭವಿದೆ. ಸಂಜೆ ನೀರು ಹಾಕಿದರೆ ಹುಳು ಹೊರಡುವ ಹೊತ್ತಿಗೆ ಸರಿಯಾಗಿ ನೆಲ ಒದ್ದೆಯಾಗಿರುತ್ತದೆ. ಬೆಳಿಗ್ಗೆ ಹಾಕಿದರೆ ರಾತ್ರಿಗೆ ಮೇಲ್ಮಣ್ಣು ಆರಿರುತ್ತದೆ. ಕುಂಡಗಳನ್ನು ಸಾಲಾಗಿ ನೆಲಕ್ಕೆ ಒತ್ತಿ ಇಡುವ ಬದಲು ಸ್ಟ್ಯಾಂಡಿನ ಮೇಲೆ ಇಟ್ಟರೆ ಅಡಗುತಾಣವೇ ಇಲ್ಲ. ತಾರಸಿ ತೋಟದವರು ‘ಮೂರನೇ ಮಹಡಿಗೆ ಇದು ಹೇಗೆ ಬಂತು’ ಎಂದು ತಲೆ ಕೆರೆದುಕೊಳ್ಳುತ್ತಾರೆ. ಬಹಳ ಸಲ ಅದು ಗೋಡೆ ಹತ್ತಿ ಬಂದದ್ದಲ್ಲ, ನರ್ಸರಿಯಿಂದ ತಂದ ಗಿಡದ ಜೊತೆ ಆಟೋದಲ್ಲಿ ಬಂದದ್ದು. ಹೊಸ ಗಿಡ ತಂದಾಗ ಕವರಿನ ತಳದ ತೂತು, ಬೇರುಗಟ್ಟಿದ ಮಣ್ಣು ನೋಡಿ, ಒಂದು ವಾರ ಬೇರೆ ಇಟ್ಟು, ನಂತರ ಉಳಿದವುಗಳ ಜೊತೆ ಸೇರಿಸುವುದು ಒಳ್ಳೆಯದು. ಅಡಿಕೆ ತೋಟದವರಿಗೆ ಗೊತ್ತಿರುವ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ಮುಲಾಮನ್ನು ನಿಂಬೆ, ಕಿತ್ತಳೆ ಗಿಡಗಳ ಕಾಂಡಕ್ಕೆ ಬಳಿದರೆ ಹುಳು ಹತ್ತಲು ಹಿಂಜರಿಯುತ್ತದೆ. ತರಕಾರಿ ಗಿಡಕ್ಕೆ ಅದನ್ನು ಬಳಿಯುವಂತಿಲ್ಲ.

ಕೊಲ್ಲಲು ಮನಸ್ಸು ಬಾರದವರು ಹೆಕ್ಕಿದ ಹುಳುವನ್ನು ಕಾಂಪೌಂಡಿನಾಚೆ ಎಸೆಯುತ್ತಾರೆ. ಆಚೆ ಮನೆಯವರೂ ಅದನ್ನೇ ಮಾಡುತ್ತಿರುತ್ತಾರೆ. ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ರೂತ್ ಬ್ರೂಕ್ಸ್ ಎಂಬ ಅಜ್ಜಿಗೆ, ಎಸೆದ ಹುಳುಗಳೇ ಮತ್ತೆ ಬರುತ್ತಿವೆ ಎಂಬ ಗುಮಾನಿ. ಚಿಪ್ಪುಗಳಿಗೆ ಉಗುರುಬಣ್ಣ ಹಚ್ಚಿ ಗುರುತು ಮಾಡಿ, ಅಕ್ಕಪಕ್ಕದವರನ್ನೂ ಸೇರಿಸಿಕೊಂಡು ಪ್ರಯೋಗ ಮಾಡಿದರು. ಹುಳುಗಳು ನಿಜಕ್ಕೂ ಮನೆದಾರಿ ಹಿಡಿದು ವಾಪಸಾಗಿದ್ದವು. ಬಿಬಿಸಿ ರೇಡಿಯೊ 2010ರಲ್ಲಿ ನಡೆಸಿದ ಹವ್ಯಾಸಿ ವಿಜ್ಞಾನಿಗಳ ಸ್ಪರ್ಧೆಯಲ್ಲಿ ಅವರಿಗೇ ಮೊದಲ ಬಹುಮಾನ. ಅವರದು ಇಂಗ್ಲೆಂಡಿನ ಪುಟ್ಟ ಬಸವನಹುಳು, ನಮ್ಮದು ಆಫ್ರಿಕದ ದೈತ್ಯ. ವಾಪಸು ಬಾರದಿದ್ದರೆ ಇನ್ನೂ ಕೆಟ್ಟದ್ದು, ಹೊಸ ಜಾಗದಲ್ಲಿ ಹೊಸ ಸಂಸಾರ ಹೂಡಿತೆಂದೇ ಅರ್ಥ. ಖಾಲಿ ಸೈಟು, ರಾಜಕಾಲುವೆ, ಕೆರೆ ದಂಡೆ ಇವುಗಳಿಗೆ ಎಸೆಯುವುದಂತೂ ಊರಿಗೆಲ್ಲ ಹುಳು ಹಂಚಿದ ಹಾಗೆ.

ಅಂಗಡಿಯಲ್ಲಿ ಸಿಗುವ ವಿಷದ ಗುಳಿಗೆಯ ಹೆಸರು ಮೆಟಾಲ್ಡಿಹೈಡ್. ತಿಂದ ಹುಳು ವಿಪರೀತ ಲೋಳೆ ಸುರಿಸಿ, ನೀರು ಕಳೆದುಕೊಂಡು ಸಾಯುತ್ತದೆ. ಆದರೆ ಅಷ್ಟರೊಳಗೆ ಮಳೆ ಬಂದರೆ ಮೈ ಮತ್ತೆ ನೀರು ಹೀರಿಕೊಂಡು ಕೆಲವು ಬದುಕಿಬಿಡುತ್ತವೆ. ಬೇಕಾದ ಕಾಲದಲ್ಲೇ ಇದರ ಕೆಲಸ ಕುಂದುತ್ತದೆ ಎಂದಾಯಿತು. ಅದಕ್ಕಿಂತ ದೊಡ್ಡ ಭಯ ನಾಯಿಗಳದ್ದು. ಧಾನ್ಯದ ತೌಡು ಸೇರಿಸಿ ಮಾಡಿದ ಗುಳಿಗೆ ಅವುಗಳಿಗೆ ತಿಂಡಿಯಂತೆ ಕಂಡು, ತಿಂದರೆ ನಡುಕ, ಫಿಟ್ಸ್ ಬಂದು ಸಾಯಬಹುದು. ಹಕ್ಕಿಗಳಿಗೂ ಅಪಾಯ ಎಂಬ ಕಾರಣಕ್ಕೆ ಗ್ರೇಟ್ ಬ್ರಿಟನ್ನಿನಲ್ಲಿ 2022ರ ಏಪ್ರಿಲ್‌ನಿಂದ ಇದನ್ನು ಹೊರಾಂಗಣದಲ್ಲಿ ಬಳಸುವುದೇ ನಿಷಿದ್ಧ. ಅಲ್ಲಿನವರು ಈಗ ಕಬ್ಬಿಣದ ಫಾಸ್ಫೇಟ್ ಗುಳಿಗೆಗೆ ಹೊರಳಿದ್ದಾರೆ. ಅದನ್ನು ತಿಂದ ಹುಳು ಊಟ ಬಿಟ್ಟು ಮರೆಯಲ್ಲಿ ಸಾಯುತ್ತದೆ. ಮಗುವೋ ನಾಯಿಯೋ ಓಡಾಡುವ ಅಂಗಳದಲ್ಲಿ ಮೆಟಾಲ್ಡಿಹೈಡ್ ಇಡುವ ಧೈರ್ಯ ಯಾರೂ ಮಾಡದಿರುವುದು ಲೇಸು.

ಕೈಗವಸಿನ ಮಾತು ಮೇಲೆ ಬಂತಲ್ಲ, ಅದು ಬರೀ ಅಸಹ್ಯಕ್ಕಲ್ಲ. ಇಲಿಯ ಶ್ವಾಸಕೋಶದ ರಕ್ತನಾಳಗಳಲ್ಲಿ ಬೆಳೆಯುವ ಒಂದು ಪರಾವಲಂಬಿ ಹುಳುವಿದೆ. ಅದರ ಮರಿಗಳು ಇಲಿಯ ಹಿಕ್ಕೆಯ ಮೂಲಕ ಹೊರಬಂದು, ಹಿಕ್ಕೆ ತಿಂದ ಬಸವನಹುಳು ಮತ್ತು ಸ್ಲಗ್‌ಗಳ ಮೈ ಸೇರುತ್ತವೆ. ಅವನ್ನು ಮನುಷ್ಯ ಹಸಿಯಾಗಿ ನುಂಗಿದರೆ ಮರಿಗಳು ಮಿದುಳಿನ ಪೊರೆಗೆ ಹೋಗಿ ಉರಿಯೂತ ತರುತ್ತವೆ. 2010ರಲ್ಲಿ ಸಿಡ್ನಿಯ ಯುವಕನೊಬ್ಬ ಗೆಳೆಯರ ಪಂತಕ್ಕೆ ಒಂದು ಸ್ಲಗ್ ತಿಂದು ಪಾರ್ಶ್ವವಾಯು ಪೀಡಿತನಾಗಿ, ಎಂಟು ವರ್ಷದ ನಂತರ ತೀರಿಕೊಂಡ. ಯಾರೂ ಬೇಕೆಂದು ಸ್ಲಗ್ ತಿನ್ನುವುದಿಲ್ಲ ನಿಜ, ಆದರೆ ಸೊಪ್ಪಿನ ಮಡಿಕೆಯಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ಮರಿ ಕಣ್ಣುತಪ್ಪುವುದು ಸುಲಭ. ಬೇಯಿಸಿದರೆ ಭಯವಿಲ್ಲ. ಕೋಸಂಬರಿಗೆ, ಚಟ್ನಿಗೆ ಹಸಿಯಾಗಿ ಬಳಸುವ ಕೊತ್ತಂಬರಿ, ಪುದೀನ, ಎಲೆಕೋಸುಗಳನ್ನು ಮಳೆಗಾಲದಲ್ಲಿ ಎಲೆ ಬಿಡಿಸಿ, ಹರಿಯುವ ನೀರಿನಲ್ಲಿ ತೊಳೆಯಬೇಕು. ಚಿಪ್ಪು ಚೆಂದವೆಂದು ಮಕ್ಕಳು ಹಿಡಿದಾಡಿದ್ದರೆ ಸೋಪು ಹಚ್ಚಿ ಕೈ ತೊಳೆಸಬೇಕು.

ಇಷ್ಟೆಲ್ಲ ಹೆಕ್ಕುವ ಕೆಲಸದಲ್ಲಿ ಪಾಲು ತೆಗೆದುಕೊಳ್ಳುವ ಜೊತೆಗಾರರೂ ಇದ್ದಾರೆ. ಕಾಂಪೌಂಡಿನ ಪೊದೆಗಳಲ್ಲಿ ಗಂಭೀರವಾಗಿ ಓಡಾಡುವ ಕೆಂಬೂತ ಶಂಖದ ಹುಳುವನ್ನು ಕುಕ್ಕಿ ತಿನ್ನುತ್ತದೆ. ಬಾತುಕೋಳಿ ಸಾಕಿದವರ ತೋಟದಲ್ಲಿ ಸ್ಲಗ್ ಉಳಿಯುವುದಿಲ್ಲ. ಮಿಂಚುಹುಳುವಿನ ಮರಿಗಳ ಆಹಾರವೇ ಬಸವನಹುಳು. ತನಗಿಂತ ಎಷ್ಟೋ ಪಟ್ಟು ದೊಡ್ಡದಾದ ಶಂಖದ ಹುಳುವನ್ನೂ ಕಚ್ಚಿ ಮರಗಟ್ಟಿಸಿ ತಿನ್ನುವ ಮಿಂಚುಹುಳು ಜಾತಿ ನಮ್ಮ ದೇಶದಲ್ಲೂ ಶ್ರೀಲಂಕಾದಲ್ಲೂ ಇದೆ. ಹಿತ್ತಲಿಗೆಲ್ಲ ಕೀಟನಾಶಕ ಸಿಂಪಡಿಸಿದವರು ಬಸವನಹುಳುವನ್ನು ಉಳಿಸಿ, ಅದನ್ನು ತಿನ್ನುವವರನ್ನು ಕೊಂದಿರುತ್ತಾರೆ.

ಹಾಗೆಂದು ಬೇರೆ ದೇಶದ ಶತ್ರುವನ್ನು ಕರೆತರುವ ಆಸೆ ಮಾತ್ರ ಅಪಾಯದ್ದು. ಹವಾಯಿಯವರು 1955ರಲ್ಲಿ, ತಾಹಿತಿಯವರು 1970ರ ದಶಕದಲ್ಲಿ ದೈತ್ಯ ಬಸವನಹುಳುವನ್ನು ತಿನ್ನಲೆಂದು ಅಮೆರಿಕದ ‘ತೋಳ ಬಸವನಹುಳು’ವನ್ನು ತಂದು ಬಿಟ್ಟರು. ಅದು ದೈತ್ಯನನ್ನು ಬಿಟ್ಟು, ಬೇರೆಲ್ಲೂ ಇಲ್ಲದ ಪುಟ್ಟ ಸ್ಥಳೀಯ ಬಸವನಹುಳುಗಳನ್ನು ತಿಂದು ಹಲವು ಜಾತಿಗಳನ್ನೇ ಅಳಿಸಿತು.

ಅಂಥ ಸ್ಥಳೀಯರು ನಮ್ಮಲ್ಲೂ ಇದ್ದಾರೆ. ಭಾರತದಲ್ಲಿ ನೆಲದ ಬಸವನಹುಳುಗಳ ಜಾತಿಗಳು ಸಾವಿರಕ್ಕೂ ಹೆಚ್ಚು, ಅದರಲ್ಲಿ ಕಾಲು ಭಾಗದಷ್ಟು ಪಶ್ಚಿಮ ಘಟ್ಟದಲ್ಲಿ. ಹೆಚ್ಚಿನವು ಕೊಳೆತ ಎಲೆ, ಪಾಚಿ, ಅಣಬೆ ತಿಂದು ಮಣ್ಣಿಗೆ ಗೊಬ್ಬರ ಸೇರಿಸುವ ನಿರುಪದ್ರವಿಗಳು. ಬ್ರಿಟನ್ನಿನ ಅದೇ ಹಾರ್ಟಿಕಲ್ಚರಲ್ ಸೊಸೈಟಿ 2022ರಲ್ಲಿ ಸ್ಲಗ್ ಮತ್ತು ಬಸವನಹುಳುಗಳನ್ನು ‘ಪೀಡೆ’ ಎಂದು ಕರೆಯುವುದನ್ನು ನಿಲ್ಲಿಸಿತು, ಅಲ್ಲಿಯೂ ಗಿಡ ತಿನ್ನುವ ಜಾತಿಗಳು ಬೆರಳೆಣಿಕೆಯವು. ಆದ್ದರಿಂದ ಮಲೆನಾಡಿನಲ್ಲಿ, ಕೊಡಗಿನಲ್ಲಿ ಕಾಡಿಗೆ ಹತ್ತಿದ ತೋಟ ಇರುವವರು ಹೆಕ್ಕುವ ಮುನ್ನ ಒಮ್ಮೆ ನೋಡಿಕೊಳ್ಳಬೇಕು: ಉದ್ದನೆಯ ಮೊನಚು ಚಿಪ್ಪಿಗೆ ಕಂದು ಪಟ್ಟೆ ಇದ್ದರೆ ಅದು ಆಫ್ರಿಕದ್ದು. ಚಪ್ಪಟೆಯಾದ, ತಿರುಗಣೆಯಂಥ ಪುಟ್ಟ ಚಿಪ್ಪಿನವು ಬಹುತೇಕ ನಮ್ಮವೇ. ತೆಳುವಾದ ಹೊಳೆಯುವ ಚಿಪ್ಪು, ಕೆಂಪು ಅಥವಾ ಹಳದಿ ಮೈ ಕಂಡರೆ ಅದು ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಸಿಗದ ಇಂಡ್ರೆಲ್ಲಾ ಇರಬಹುದು. ಅದರ ಕುಲದಲ್ಲಿ ಇರುವುದು ಅದೊಂದೇ ಜಾತಿ. ಅದನ್ನು ಉಪ್ಪುನೀರಿಗೆ ಹಾಕದೆ ಎಲೆಯ ಮೇಲೇ ಬಿಟ್ಟು, ಗೋಣಿಚೀಲ ಎತ್ತಿ ಉಳಿದವನ್ನು ಹೆಕ್ಕಬಹುದು.